ಅಂಟೋದು ಯಾಕೆ, ಅಂಟದೇ ಇರೋದು ಯಾಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗೋಂದು, ಟೇಪು, ಹಲ್ಲಿ, ಒದ್ದೆ ಗಾಜು, ಟೆಫ್ಲಾನ್ ಬಾಣಲೆ. ಇವುಗಳ ಬಗ್ಗೆ ಬರುವ ಪ್ರಶ್ನೆಗಳು ಬೇರೆ ಬೇರೆ ಅನ್ನಿಸಿದರೂ ಬುಡದಲ್ಲಿ ಇರುವುದು ಒಂದೇ ವಿಷಯ. ಪ್ರಪಂಚದಲ್ಲಿ ಎಲ್ಲ ವಸ್ತುಗಳೂ ಒಂದನ್ನೊಂದು ಸೆಳೆಯುತ್ತವೆ. ಸೆಳೆತಕ್ಕೆ ಬರ ಇಲ್ಲ. ಕಷ್ಟ ಇರುವುದು ಹತ್ತಿರ ಬರುವುದರಲ್ಲಿ.

ಗೋಂದು ಹಚ್ಚದೆ ಎರಡು ವಸ್ತು ಅಂಟಿಕೊಳ್ಳಬಹುದಾ?

ಖಂಡಿತ. ಪ್ರತಿ ಅಣುವಿನಲ್ಲೂ ಎಲೆಕ್ಟ್ರಾನ್‌ಗಳು ಸುಮ್ನೆ ಒಂದೇ ಕಡೆ ಕೂತಿರುವುದಿಲ್ಲ. ಒಂದು ಕ್ಷಣ ಆ ಕಡೆ ಜಾಸ್ತಿ, ಮರುಕ್ಷಣ ಈ ಕಡೆ ಜಾಸ್ತಿ. ಜಾಸ್ತಿ ಇದ್ದ ಕಡೆ ಋಣ ವಿದ್ಯುತ್, ಕಡಿಮೆ ಇದ್ದ ಕಡೆ ಧನ ವಿದ್ಯುತ್. ಇದನ್ನು ಕಂಡು ಪಕ್ಕದ ಅಣುವಿನ ಎಲೆಕ್ಟ್ರಾನ್‌ಗಳೂ ಸ್ವಲ್ಪ ಸರಿಯುತ್ತವೆ. ಕೊನೆಗೆ ಎರಡರ ನಡುವೆ ಸಣ್ಣ ಸೆಳೆತ ಹುಟ್ಟುತ್ತದೆ. ಇದಕ್ಕೆ ವ್ಯಾನ್ ಡರ್ ವಾಲ್ಸ್ ಬಲ ಅಂತ ಹೆಸರು. 1910ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಡಚ್ ವಿಜ್ಞಾನಿಯ ಹೆಸರು ಅದು. ಆದರೆ ಈಗ ಹೇಳಿದ ಎಲೆಕ್ಟ್ರಾನ್ ಕಥೆಯನ್ನು ಕ್ವಾಂಟಮ್ ಲೆಕ್ಕ ಹಾಕಿ ಬಿಡಿಸಿದ್ದು ಫ್ರಿಟ್ಜ್ ಲಂಡನ್, 1930ರಲ್ಲಿ.

ಈ ಬಲಕ್ಕೆ ಒಂದು ವಿಚಿತ್ರ ಗುಣ ಇದೆ. ದೂರ ಸ್ವಲ್ಪ ಹೆಚ್ಚಾದರೂ ಅದು ಕುಸಿದು ಬೀಳುತ್ತದೆ. ಎರಡು ಚಪ್ಪಟೆ ಮೈಗಳ ನಡುವೆ 1 ನ್ಯಾನೋಮೀಟರ್ ಅಂತರ ಇದೆ ಅಂದುಕೊಳ್ಳಿ. ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಆಗ ಬರೀ ಒಂದು ಚದರ ಸೆಂಟಿಮೀಟರ್ ಜಾಗ ಸುಮಾರು 50 ಕೆಜಿ ತೂಕ ಹೊರಬಲ್ಲದು. ಅಂತರ 10 ನ್ಯಾನೋಮೀಟರ್ ಆದರೆ? 50 ಗ್ರಾಂ. 100 ನ್ಯಾನೋಮೀಟರ್ ಆದರೆ ಲೆಕ್ಕಕ್ಕೇ ಇಲ್ಲ. ತಲೆಗೂದಲಿನ ದಪ್ಪ ಹತ್ತಿರ ಹತ್ತಿರ 80 ಸಾವಿರ ನ್ಯಾನೋಮೀಟರ್ ಅನ್ನುವುದನ್ನು ನೆನಪಿಟ್ಟುಕೊಂಡರೆ ಈ ಬಲದ ಕೈ ಎಷ್ಟು ಗಿಡ್ಡ ಅಂತ ಗೊತ್ತಾಗುತ್ತದೆ.

ಹಾಗಾದರೆ ಒಂದು ಸ್ಟೀಲ್ ತಟ್ಟೆಯ ಮೇಲೆ ಇನ್ನೊಂದು ಇಟ್ಟಾಗ ಅವು ಯಾಕೆ ಅಂಟಲ್ಲ?

ಅವು ನಿಜವಾಗಿ ತಾಗಿರುವುದೇ ಇಲ್ಲ. ಕಣ್ಣಿಗೆ ಕನ್ನಡಿಯಂತೆ ಕಾಣುವ ಸ್ಟೀಲಿನ ಮೇಲೂ ನೂರಾರು ನ್ಯಾನೋಮೀಟರ್ ಎತ್ತರದ ಉಬ್ಬು ತಗ್ಗುಗಳಿರುತ್ತವೆ. ಎರಡು ತಟ್ಟೆ ಸೇರಿಸಿದಾಗ ಅಲ್ಲೊಂದು ಇಲ್ಲೊಂದು ಉಬ್ಬಿನ ತುದಿ ಮಾತ್ರ ತಾಗುತ್ತದೆ. ಉಳಿದದ್ದೆಲ್ಲ ಖಾಲಿ ಜಾಗ.

ಎಷ್ಟು ತಾಗುತ್ತದೆ ಅಂತ ಅಂದಾಜು ಮಾಡಬಹುದು. ಉಬ್ಬಿನ ತುದಿಗಳು ಮೇಲಿನ ಭಾರ ತಡೆಯುವಷ್ಟು ಮಾತ್ರ ಚಪ್ಪಟೆಯಾಗುತ್ತವೆ, ಆಮೇಲೆ ನಿಲ್ಲುತ್ತವೆ. 1 ಕೆಜಿ ಉಕ್ಕಿನ ಘನವನ್ನು ಉಕ್ಕಿನ ಮೇಜಿನ ಮೇಲೆ ಇಡಿ. ಅದರ ತಳ ಸುಮಾರು 5 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ. ಉಕ್ಕಿನ ಗಡಸುತನ ಇಟ್ಟುಕೊಂಡು ಲೆಕ್ಕ ಹಾಕಿದರೆ ನಿಜವಾಗಿ ತಾಗುವ ಜಾಗ ಒಂದು ಚದರ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಅಂದರೆ ತಳದ ಎರಡು ಲಕ್ಷ ಪಾಲಿನಲ್ಲಿ ಒಂದು ಪಾಲೂ ಇಲ್ಲ! 20ನೇ ಶತಮಾನದ ನಡುವಿನಲ್ಲಿ ಕೇಂಬ್ರಿಡ್ಜ್‌ನಲ್ಲಿ ಬೌಡನ್ ಮತ್ತು ಟೇಬರ್ ಇದನ್ನು ತೋರಿಸಿಕೊಟ್ಟ ಮೇಲೆ ಘರ್ಷಣೆ, ಸವೆತ, ಅಂಟು ಎಲ್ಲದರ ಬಗ್ಗೆ ಯೋಚಿಸುವ ರೀತಿಯೇ ಬದಲಾಯಿತು.

ಇದರ ಜೊತೆಗೆ ಇನ್ನೆರಡು ತೊಂದರೆ. ತಾಗಿದ ತುದಿಗಳು ಸ್ಪ್ರಿಂಗಿನ ಗುಣದಿಂದ ಹಿಂದಕ್ಕೆ ನೂಕುತ್ತವೆ. ಭಾರ ತೆಗೆದ ತಕ್ಷಣ ಅಂಟಿದ್ದ ಒಂದಿಷ್ಟು ಜಾಗವೂ ಬಿಟ್ಟುಹೋಗುತ್ತದೆ. ಮತ್ತೆ ಕೊಳೆ. ಗಾಳಿಯಲ್ಲಿರುವ ಯಾವ ವಸ್ತುವಿನ ಮೈಯೂ ಬರಿಮೈ ಅಲ್ಲ. ತೇವ, ಎಣ್ಣೆಯ ಪಸೆ, ಆಕ್ಸೈಡ್ ಪದರ, ದೂಳು, ಇಷ್ಟೂ ಇದ್ದೇ ಇರುತ್ತದೆ. ನಾವು ಓಡಾಡುವ, ಪಾತ್ರೆ ಎತ್ತಿಡುವ, ಬಾಗಿಲು ತೆರೆಯುವ ಪ್ರಪಂಚ ನಡೆಯುತ್ತಿರುವುದೇ ಈ ಒರಟುತನ ಮತ್ತು ಕೊಳೆಯ ದಯೆಯಿಂದ.

ತುಂಬಾ ನುಣುಪು ಮಾಡಿದರೆ ಅಂಟುತ್ತವಾ?

ಅಂಟುತ್ತವೆ. ಕಾರ್ಖಾನೆಯಲ್ಲಿ ಅಳತೆಗೆ ಬಳಸುವ ಸ್ಲಿಪ್ ಗೇಜ್ ನೋಡಿದವರಿಗೆ ಇದು ಗೊತ್ತಿರುತ್ತದೆ. ಸ್ವೀಡನ್ನಿನ ಕಾರ್ಲ್ ಎಡ್ವರ್ಡ್ ಯೋಹಾನ್ಸನ್ 1896ರಲ್ಲಿ ಯೋಚಿಸಿದ ಉಕ್ಕಿನ ತುಂಡುಗಳು ಇವು. ಎರಡು ತುಂಡುಗಳನ್ನು ಚೆನ್ನಾಗಿ ಒರೆಸಬೇಕು. ಒಂದರ ಮೇಲೊಂದು ಅಡ್ಡಡ್ಡ ಇಟ್ಟು, ಸ್ವಲ್ಪ ಒತ್ತಿ, ಜಾರಿಸುತ್ತಾ ತಿರುಗಿಸಬೇಕು. ಮೊದಲು ಸಲೀಸಾಗಿ ಜಾರುತ್ತದೆ. ಆಮೇಲೆ ಕೈಗೆ ಒಂದು ಬಿಗಿ ಸಿಗುತ್ತದೆ. ಅಷ್ಟೇ, ಹಿಡಿದುಕೊಂಡಿತು. ಮೇಲಿನ ತುಂಡು ಹಿಡಿದು ಎತ್ತಿದರೆ ಕೆಳಗಿನದು ನೇತಾಡುತ್ತಾ ಬರುತ್ತದೆ. ಅಯಸ್ಕಾಂತ ಇಲ್ಲ, ಗೋಂದಿಲ್ಲ.

ಸುತ್ತಲಿನ ಗಾಳಿ ಒತ್ತಿ ಹಿಡಿದಿದೆ ಅಂತ ಬಹಳ ಜನ ಹೇಳುತ್ತಾರೆ. ಗಾಳಿ ತೆಗೆದರೂ ಅವು ಬಿಡುವುದಿಲ್ಲ, ಹಾಗಾಗಿ ಅದು ಮುಖ್ಯ ಕಾರಣ ಅಲ್ಲ. ಅಣುಗಳ ಸೆಳೆತ, ನಡುವೆ ಉಳಿದ ಎಣ್ಣೆ ಅಥವಾ ತೇವದ ತೆಳು ಪದರ, ಎರಡೂ ಸೇರಿ ಹಿಡಿಯುತ್ತವೆ.

ಚಿಪ್ ತಯಾರಿಕೆಯಲ್ಲೂ ಇದೇ ಉಪಾಯ. ಶುದ್ಧ ಮಾಡಿದ ಎರಡು ಸಿಲಿಕಾನ್ ಬಿಲ್ಲೆಗಳನ್ನು ಸೇರಿಸಿ ಒಂದು ಕಡೆ ಮೆಲ್ಲಗೆ ಒತ್ತಿದರೆ ಸಾಕು, ಅಲ್ಲಿ ಶುರುವಾದ ಅಂಟು ತಾನಾಗಿ ಉದ್ದಕ್ಕೂ ಹರಡುತ್ತದೆ. ಆದರೆ ನಡುವೆ ಒಂದೇ ಒಂದು ದೂಳಿನ ಕಣ ಇದ್ದರೂ ಅದರ ಸುತ್ತ, ಕಣದ ಗಾತ್ರಕ್ಕಿಂತ ಎಷ್ಟೋ ಪಟ್ಟು ಅಗಲಕ್ಕೆ ಬಿಲ್ಲೆಗಳು ಸೇರುವುದಿಲ್ಲ.

ಬಾಹ್ಯಾಕಾಶದಲ್ಲಿ ಲೋಹಗಳು ತಾವಾಗಿಯೇ ಬೆಸೆದುಕೊಳ್ಳುತ್ತವಂತೆ, ನಿಜವಾ?

ನಿಜ, ಆದರೆ ಸುಮ್ನೆ ಹತ್ತಿರ ಇಟ್ಟ ಮಾತ್ರಕ್ಕೆ ಅಲ್ಲ. ಲೋಹದ ಮೇಲಿನ ಆಕ್ಸೈಡ್ ಪದರ ಉಜ್ಜಿ ಹೋಗಬೇಕು. ನೆಲದ ಮೇಲಾದರೆ ಗಾಳಿಯ ಆಕ್ಸಿಜನ್ ತಕ್ಷಣ ಹೊಸ ಪದರ ಹೊದಿಸುತ್ತದೆ. ನಿರ್ವಾತದಲ್ಲಿ ಆಕ್ಸಿಜನ್ ಇಲ್ಲ. ಬರಿ ಲೋಹಕ್ಕೆ ಬರಿ ಲೋಹ ತಾಗಿದಾಗ ಈ ಪರಮಾಣು ಯಾವ ತುಂಡಿನದು, ಆ ಪರಮಾಣು ಯಾವ ತುಂಡಿನದು ಅನ್ನುವ ಭೇದವೇ ಉಳಿಯುವುದಿಲ್ಲ. ಇದನ್ನು ಕೋಲ್ಡ್ ವೆಲ್ಡಿಂಗ್ ಅನ್ನುತ್ತಾರೆ.

1989ರಲ್ಲಿ ಗುರು ಗ್ರಹದ ಕಡೆ ಹೊರಟ ನಾಸಾದ ಗೆಲಿಲಿಯೋ ನೌಕೆಯಲ್ಲಿ ಛತ್ರಿಯಂತೆ ಬಿಚ್ಚಿಕೊಳ್ಳುವ ದೊಡ್ಡ ಆಂಟೆನಾ ಇತ್ತು. 1991ರ ಏಪ್ರಿಲ್‌ನಲ್ಲಿ ಬಿಚ್ಚಲು ಆಜ್ಞೆ ಕೊಟ್ಟಾಗ ಅದು ಪೂರ್ತಿ ಬಿಚ್ಚಲಿಲ್ಲ. ಕೆಲವು ಕಡ್ಡಿಗಳ ಪಿನ್ನುಗಳು ತಮ್ಮ ಗೂಡಿನಲ್ಲೇ ಸಿಕ್ಕಿಕೊಂಡಿದ್ದವು. ಉಡಾವಣೆಗೂ ಮೊದಲು ನೌಕೆಯನ್ನು ಟ್ರಕ್ಕಿನಲ್ಲಿ ಅಲ್ಲಿಂದಿಲ್ಲಿಗೆ ಸಾಗಿಸುವಾಗ ಕುಲುಕಾಟಕ್ಕೆ ಪಿನ್ನಿನ ಮೇಲಿನ ಒಣ ಲೂಬ್ರಿಕೆಂಟ್ ಸವೆದಿತ್ತು ಅನ್ನುವುದು ಎಂಜಿನಿಯರುಗಳು ಕಂಡುಕೊಂಡ ಕಾರಣ. ಕೊನೆಗೂ ಅದು ಬಿಚ್ಚಲಿಲ್ಲ. ಸಣ್ಣ ಆಂಟೆನಾ ಇಟ್ಟುಕೊಂಡೇ ಕೆಲಸ ಮುಗಿಸಬೇಕಾಯಿತು.

ಎರಡು ಒದ್ದೆ ಗಾಜಿನ ಹಾಳೆ ಬಿಡಿಸೋದು ಯಾಕೆ ಅಷ್ಟು ಕಷ್ಟ?

ನೀರಿನ ಮೇಲ್ಮೈ ಸೆಳೆತ. ಗಾಜಿಗೆ ನೀರು ಅಂದರೆ ಇಷ್ಟ, ಅದರ ಮೇಲೆ ಚೆನ್ನಾಗಿ ಹರಡುತ್ತದೆ. ಹಾಗಾಗಿ ಎರಡು ಗಾಜಿನ ನಡುವಿನ ನೀರಿನ ಅಂಚು ಒಳಕ್ಕೆ ಬಾಗಿ ನಿಲ್ಲುತ್ತದೆ. ಅಂಚು ಒಳಕ್ಕೆ ಬಾಗಿದರೆ ನೀರಿನ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಆಗುತ್ತದೆ. ಸಂದು ಎಷ್ಟು ಕಿರಿದೋ ವ್ಯತ್ಯಾಸ ಅಷ್ಟು ಜಾಸ್ತಿ. ಸಂದು 1 ಮೈಕ್ರೋಮೀಟರ್, ಅಂದರೆ ಸಾವಿರ ನ್ಯಾನೋಮೀಟರ್ ಇದ್ದರೆ ಆ ವ್ಯತ್ಯಾಸ ವಾತಾವರಣದ ಒತ್ತಡಕ್ಕಿಂತಲೂ ಹೆಚ್ಚು, ಸುಮಾರು 1.4 ಪಟ್ಟು.

ಇನ್ನೊಂದು ಕಾರಣವೂ ಜೊತೆಗಿದೆ. ಗಾಜು ಬೇರೆಯಾಗಬೇಕಾದರೆ ಆ ಕಿರಿದಾದ ಸಂದಿಗೆ ಹೊರಗಿನಿಂದ ನೀರೋ ಗಾಳಿಯೋ ನುಗ್ಗಬೇಕು. ಅದಕ್ಕೆ ಹೊತ್ತು ಬೇಕು. ಜೋರಾಗಿ ಎಳೆದಷ್ಟೂ ಅದು ಬಿಗಿ ಅನ್ನಿಸುವುದು ಇದರಿಂದ. ಜೋಸೆಫ್ ಸ್ಟೆಫಾನ್ 1874ರಲ್ಲೇ ಇದರ ಲೆಕ್ಕ ಬರೆದಿಟ್ಟಿದ್ದರು.

ಇಲ್ಲಿ ಒಂದು ಉಪಯೋಗದ ಮಾತಿದೆ. ನೀರು ಎಳೆತವನ್ನು ತಡೆಯುತ್ತದೆ, ಜಾರುವುದನ್ನು ತಡೆಯುವುದಿಲ್ಲ. ಆದ್ದರಿಂದ ಗಾಜನ್ನು ಮೇಲಕ್ಕೆ ಎಳೆಯಬೇಡಿ, ಪಕ್ಕಕ್ಕೆ ಸರಿಸಿ. ಇಡೀ ಜೋಡಿಯನ್ನು ನೀರಿನಲ್ಲಿ ಮುಳುಗಿಸಿದರೆ ಇನ್ನೂ ಸುಲಭ. ಸುತ್ತಲೂ ನೀರೇ ಇದ್ದಾಗ ಬಾಗಿದ ಅಂಚು ಅನ್ನುವುದೇ ಇಲ್ಲ, ಅರ್ಧ ಹಿಡಿತ ಅಲ್ಲಿಗೇ ಮುಗಿಯಿತು.

ಒದ್ದೆ ಮರಳು ಗೂಡಾಗಿ ನಿಲ್ಲುವುದು, ಪುಸ್ತಕದ ಹಾಳೆ ಮಗುಚಲು ಬೆರಳು ಒದ್ದೆ ಮಾಡಿಕೊಳ್ಳುವುದು, ಎಲ್ಲ ಇದರ ಸಂಬಂಧಿಕರೇ.

ಒಂದರೊಳಗೊಂದು ಸಿಕ್ಕಿಕೊಂಡ ಲೋಟಗಳಿಗೂ ಇದೇ ಕಾರಣವಾ?

ಸ್ವಲ್ಪ ಮಾತ್ರ. ಅಲ್ಲಿ ಮುಖ್ಯವಾದದ್ದು ಬೆಣೆಯಂತೆ ಕೂತಿರುವುದು ಮತ್ತು ಘರ್ಷಣೆ. ಹೊರಗಿನ ಲೋಟವನ್ನು ಬಿಸಿನೀರಿನಲ್ಲಿ ಇಟ್ಟು ಒಳಗಿನದಕ್ಕೆ ತಣ್ಣೀರು ಹಾಕಿ. ಹೊರಗಿನದು ಹಿಗ್ಗುತ್ತದೆ, ಒಳಗಿನದು ಕುಗ್ಗುತ್ತದೆ. ಗಾಜಿನ ಲೋಟವಾದರೆ ಕುದಿಯುವ ನೀರು ಬೇಡ, ಒಡೆಯಬಹುದು.

ಸಕ್ಷನ್ ಕಪ್ ಗೋಡೆಯನ್ನು "ಹೀರಿ" ಹಿಡಿಯುತ್ತದಾ?

ಇಲ್ಲ. ಹೊರಗಿನ ಗಾಳಿ ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಗಾಳಿಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಭಾರದಷ್ಟು. 5 ಸೆಂಟಿಮೀಟರ್ ಅಗಲದ ಕಪ್ಪಿನೊಳಗೆ ಗಾಳಿ ಪೂರ್ತಿ ಖಾಲಿಯಾದರೆ 20 ಕೆಜಿ ಹತ್ತಿರ ತಡೆಯಬೇಕು. ಕೈಯಲ್ಲಿ ಒತ್ತಿದರೆ ಪೂರ್ತಿ ಖಾಲಿ ಆಗುವುದಿಲ್ಲ, ಹಾಗಾಗಿ ಸಿಗುವುದು ಅದಕ್ಕಿಂತ ಕಡಿಮೆ. ಒರಟು ಗೋಡೆಯಲ್ಲಿ ಅಂಚಿನಿಂದ ಗಾಳಿ ನುಸುಳುತ್ತದೆ, ಬೀಳುತ್ತದೆ. ಅಂಚಿಗೆ ಸ್ವಲ್ಪ ನೀರು ಸವರಿದರೆ ಆ ಸಂದುಗಳು ಮುಚ್ಚುತ್ತವೆ.

ಹಲ್ಲಿಯ ಕಾಲಿನಲ್ಲಿ ಅಂಟು ಇದೆಯಾ? ಅಥವಾ ಸಕ್ಷನ್ ಕಪ್ಪಾ?

ಎರಡೂ ಅಲ್ಲ. ಹಲ್ಲಿಯ ಬೆರಳಿನ ಕೆಳಗೆ ಅಡ್ಡಡ್ಡ ಪಟ್ಟಿಗಳಿವೆ. ಆ ಪಟ್ಟಿಗಳ ತುಂಬ ಸೂಕ್ಷ್ಮ ರೋಮಗಳು. ಟೋಕೆ ಅನ್ನುವ ದೊಡ್ಡ ಜಾತಿಯ ಹಲ್ಲಿಗೆ ಒಂದೊಂದು ಪಾದದಲ್ಲೂ ಸುಮಾರು ಐದು ಲಕ್ಷ. ಪ್ರತಿ ರೋಮದ ತುದಿ ಮತ್ತೆ ನೂರಾರು ಎಳೆಯಾಗಿ ಸೀಳಿಕೊಂಡಿದೆ. ಪ್ರತಿ ಎಳೆಯ ತುದಿಯಲ್ಲಿ 200 ನ್ಯಾನೋಮೀಟರ್ ಅಗಲದ ಪುಟ್ಟ ಚಪ್ಪಟೆ ಎಲೆ.

ಯಾಕೆ ಇಷ್ಟೊಂದು ಸೀಳು? ಮೇಲೆ ಹೇಳಿದ ತೊಂದರೆಗೆ ಇದೇ ಉತ್ತರ. ಗೋಡೆ ಒರಟು. ಗಟ್ಟಿ ಪಾದ ಇಟ್ಟರೆ ಉಬ್ಬಿನ ತುದಿಗಳಿಗೆ ಮಾತ್ರ ತಾಗುತ್ತದೆ. ಕೋಟಿಗಟ್ಟಲೆ ಮೆತ್ತಗಿನ ತುದಿಗಳಿದ್ದರೆ ಪ್ರತಿಯೊಂದೂ ತನ್ನ ಎದುರಿನ ತಗ್ಗಿಗೋ ಉಬ್ಬಿಗೋ ತಾನೇ ಬಾಗಿ ಹೋಗಿ ತಾಗುತ್ತದೆ. ಒಂದೊಂದರ ಹಿಡಿತ ಏನೂ ಅಲ್ಲ, ಒಟ್ಟು ಸೇರಿದರೆ ಹಲ್ಲಿಯ ತೂಕಕ್ಕಿಂತ ಎಷ್ಟೋ ಪಟ್ಟು.

2000ದಲ್ಲಿ ಕೆಲರ್ ಆಟಮ್ ಮತ್ತು ಜೊತೆಗಾರರು ಒಂದೇ ಒಂದು ರೋಮ ಕಿತ್ತು ಅದರ ಹಿಡಿತ ಅಳೆದರು. ಸುಮಾರು 200 ಮೈಕ್ರೋನ್ಯೂಟನ್ ಬಂತು, ಅಂದರೆ 20 ಮಿಲಿಗ್ರಾಂ ತೂಕ ಹೊರುವಷ್ಟು. ಸುಮ್ನೆ ತಾಗಿಸಿದರೆ ಸಾಲದು, ಸ್ವಲ್ಪ ಒತ್ತಿ ಹಿಂದಕ್ಕೆ ಎಳೆಯಬೇಕು ಅನ್ನುವುದೂ ಗೊತ್ತಾಯಿತು. ಎಲ್ಲಕ್ಕಿಂತ ಚೆಂದದ ಸಂಗತಿ ಬಿಡಿಸಿಕೊಳ್ಳುವುದು. ರೋಮ ಗೋಡೆಯಿಂದ ಸುಮಾರು 30 ಡಿಗ್ರಿ ಮೇಲೆದ್ದ ಕೂಡಲೇ ಹಿಡಿತ ಬಿಟ್ಟುಹೋಗುತ್ತದೆ. ಹಲ್ಲಿ ಬೆರಳನ್ನು ತುದಿಯಿಂದ ಮೇಲಕ್ಕೆ ಸುರುಳಿ ಸುತ್ತಿ ಎತ್ತುವುದು ಇದಕ್ಕೇ. ಇಷ್ಟೆಲ್ಲ ಇದ್ದರೂ ಒಣ ಟೆಫ್ಲಾನ್ ಮೇಲೆ ಪಾಪ, ಜಾರುತ್ತದೆ.

ಗೋಂದು ಮಾಡುವ ಕೆಲಸ ಏನು?

ಖಾಲಿ ಜಾಗ ತುಂಬುವುದು. ಅಷ್ಟೇ ಅಂದರೂ ತಪ್ಪಲ್ಲ. ಹಚ್ಚುವಾಗ ಅದು ನೀರಾಗಿರಬೇಕು, ಇಲ್ಲದಿದ್ದರೆ ತಗ್ಗುಗಳಿಗೆ ಇಳಿಯುವುದಿಲ್ಲ. ಆಮೇಲೆ ಗಟ್ಟಿಯಾಗಬೇಕು, ಇಲ್ಲದಿದ್ದರೆ ನೀರಿನಂತೆ ಪಕ್ಕಕ್ಕೆ ಜಾರುತ್ತದೆ. ಮರ, ಕಾಗದದಲ್ಲಿ ಗೋಂದು ರಂಧ್ರಗಳೊಳಗೆ ಇಳಿದು ಬೇರು ಬಿಟ್ಟು ಕೂರುತ್ತದೆ. ಗಾಜು, ಲೋಹದಲ್ಲಿ ಅಣುಗಳ ಸೆಳೆತ, ಕೆಲವೊಮ್ಮೆ ನಿಜವಾದ ರಾಸಾಯನಿಕ ಬಂಧ.

ಜಾಸ್ತಿ ಹಚ್ಚಿದರೆ ಜಾಸ್ತಿ ಗಟ್ಟಿ ಅನ್ನುವ ನಂಬಿಕೆ ಬಿಡಬೇಕು. ಬಹಳಷ್ಟು ಗೋಂದುಗಳಲ್ಲಿ ದಪ್ಪ ಪದರವೇ ಮೊದಲು ಬಿರಿಯುವುದು. ಎಣ್ಣೆ ಪಸೆಯ ಮೇಲೆ ಹಚ್ಚಿದರೆ ಗೋಂದು ಹಿಡಿಯುವುದು ಎಣ್ಣೆಯನ್ನು, ವಸ್ತುವನ್ನಲ್ಲ.

ಸೂಪರ್ ಗ್ಲೂ ತನ್ನ ಬಾಟಲಿಗೇ ಯಾಕೆ ಅಂಟಲ್ಲ?

ಅದು ಒಣಗಿ ಗಟ್ಟಿಯಾಗುವ ಗೋಂದಲ್ಲ. ಅದರಲ್ಲಿರುವ ಸಯನೋಅಕ್ರಿಲೇಟ್ ಅಣುಗಳು ತೇವ ತಾಗಿದ ಕೂಡಲೇ ಒಂದಕ್ಕೊಂದು ಕೈ ಹಿಡಿದು ಉದ್ದ ಸರಪಳಿ ಆಗುತ್ತವೆ. ಎಲ್ಲ ವಸ್ತುಗಳ ಮೇಲೂ ಕಣ್ಣಿಗೆ ಕಾಣದ ತೇವ ಇದ್ದೇ ಇರುತ್ತದೆ. ಬೆರಳಿನ ಮೇಲಂತೂ ಧಾರಾಳ! ಬಾಟಲಿಯೊಳಗೆ ತೇವ ಇಲ್ಲ, ಸಾಲದ್ದಕ್ಕೆ ಸರಪಳಿ ಶುರುವಾಗದಂತೆ ಚೂರು ಆಮ್ಲವನ್ನೂ ಸೇರಿಸಿರುತ್ತಾರೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ತಂಡ ಇದನ್ನು ಮೊದಲು ಕಂಡಾಗ "ಎಲ್ಲದಕ್ಕೂ ಅಂಟುತ್ತೆ" ಅನ್ನುವ ಕಾರಣಕ್ಕೇ ಪಕ್ಕಕ್ಕಿಟ್ಟಿತ್ತು. ಅಂಗಡಿಗೆ ಬಂದದ್ದು 1958ರಲ್ಲಿ.

ಟೇಪು ಒಣಗಲ್ಲ, ಗಟ್ಟಿ ಆಗಲ್ಲ. ಆದರೂ ಹಿಡಿಯುತ್ತಲ್ಲ?

ಟೇಪಿನ ಅಂಟು ಒಂದೇ ಹೊತ್ತಿಗೆ ನೀರೂ ಹೌದು, ರಬ್ಬರೂ ಹೌದು. ನಿಧಾನವಾಗಿ ಒತ್ತಿದರೆ ಹರಿದು ತಗ್ಗುಗಳಿಗೆ ಇಳಿಯುತ್ತದೆ. ಜೋರಾಗಿ ಎಳೆದರೆ ರಬ್ಬರಿನಂತೆ ಎದುರು ನಿಲ್ಲುತ್ತದೆ. ಪಾರದರ್ಶಕ ಟೇಪನ್ನು ಗಾಜಿಗೆ ಅಂಟಿಸಿ ಒಂದು ತುದಿಯನ್ನು ನಿಧಾನವಾಗಿ ಎತ್ತಿ, ಬೆಳಕಿಗೆ ಅಡ್ಡವಾಗಿ ನೋಡಿ. ಬಿಡುವ ಗೆರೆಯಲ್ಲಿ ಅಂಟು ಸಣ್ಣ ಸಣ್ಣ ದಾರಗಳಾಗಿ ಹಿಗ್ಗುತ್ತಾ, ಒಂದೊಂದೇ ಹರಿಯುವುದು ಕಾಣುತ್ತದೆ. ಟೇಪು ಕೀಳಲು ನಾವು ಹಾಕುವ ಶ್ರಮದ ಬಹುಪಾಲು ಖರ್ಚಾಗುವುದು ಈ ದಾರಗಳನ್ನು ಎಳೆಯುವುದಕ್ಕೆ. ಅಣುಗಳ ಸೆಳೆತ ಬಿಡಿಸಲು ಬೇಕಾದದ್ದು ಅದರ ಮುಂದೆ ತೀರಾ ಕಡಿಮೆ.

ಚಳಿಯಲ್ಲಿ ಟೇಪು ಹಿಡಿಯದಿರುವುದೂ ಇದಕ್ಕೇ. ಅಂಟು ಗಡುಸಾಗಿ ಹರಿಯುವುದನ್ನು ನಿಲ್ಲಿಸುತ್ತದೆ. ಅಂಟಿಸಿದ ಮೇಲೆ ಬೆರಳಿನಿಂದ ಉಜ್ಜುವುದು ಸುಮ್ನೆ ಅಭ್ಯಾಸ ಅಲ್ಲ, ಅದರಿಂದ ನಿಜಕ್ಕೂ ಹಿಡಿತ ಹೆಚ್ಚುತ್ತದೆ. ಇನ್ನು, ಅಂಟಿಸಿ ಕೀಳುವ ಸ್ಟಿಕಿ ನೋಟುಗಳಲ್ಲಿ ಬೇಕೆಂದೇ ಹಿಡಿತ ಕಡಿಮೆ ಇಟ್ಟಿದ್ದಾರೆ. ಅಲ್ಲಿ ಅಂಟು ಒಂದೇ ಪದರವಾಗಿಲ್ಲ, ಪುಟ್ಟ ಗುಂಡುಗಳಾಗಿದೆ. ಗುಂಡುಗಳು ತಾಗುವುದು ಅಲ್ಲೊಂದು ಇಲ್ಲೊಂದು ಕಡೆ. 1968ರಲ್ಲಿ 3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ ಈ ಗುಂಡುಗಳನ್ನು ಮಾಡಿದಾಗ ಅದರಿಂದ ಏನು ಪ್ರಯೋಜನ ಅಂತ ಯಾರಿಗೂ ಹೊಳೆಯಲಿಲ್ಲ.

ಒಂದು ಉಪಕಥೆ. 2008ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ನಿರ್ವಾತದಲ್ಲಿ ಟೇಪಿನ ಸುರುಳಿ ಬಿಚ್ಚಿದಾಗ ಎಕ್ಸ್-ರೇ ಹೊಮ್ಮಿತು. ಅದರಿಂದ ಒಂದು ಬೆರಳಿನ ಎಕ್ಸ್-ರೇ ಚಿತ್ರವನ್ನೂ ತೆಗೆದರು. ಗಾಳಿ ಇರುವ ಕಡೆ ಹಾಗಾಗುವುದಿಲ್ಲ, ಭಯ ಬೇಡ.

ಗೋಡೆಯ ಸ್ಟಿಕರ್ ಹುಕ್ ನೇರ ಎಳೆದರೆ ಬರಲ್ಲ, ಅಂಚು ಹಿಡಿದರೆ ಸಲೀಸಾಗಿ ಬರುತ್ತೆ. ಯಾಕೆ?

ನೇರ ಎಳೆದಾಗ ಇಡೀ ಜಾಗ ಒಟ್ಟಿಗೆ ಎದುರು ನಿಲ್ಲುತ್ತದೆ. ಅಂಚಿನಿಂದ ಸುಲಿದಾಗ ಆ ಹೊತ್ತಿಗೆ ಬಿಡುತ್ತಿರುವ ಒಂದು ಗೆರೆ ಮಾತ್ರ ಎದುರು ನಿಲ್ಲುತ್ತದೆ. ಜಿಪ್ ಎಳೆದ ಹಾಗೆ. ಅದಕ್ಕೇ ಭಾರದ ವಸ್ತು ತೂಗುಹಾಕುವಾಗ ಹುಕ್ಕಿನ ಕೊಂಡಿ ಗೋಡೆಗೆ ಆದಷ್ಟು ಹತ್ತಿರ ಇರಬೇಕು. ಮುಂದಕ್ಕೆ ಚಾಚಿದ ಕೊಂಡಿ ಮೇಲಿನ ಅಂಚನ್ನು ದಿನವಿಡೀ ಸುಲಿಯುತ್ತಲೇ ಇರುತ್ತದೆ.

ಪ್ಲಾಸ್ಟಿಕ್ ಬಕೆಟ್ಟಿನ ಬಿರುಕಿಗೆ ಯಾವ ಗೋಂದೂ ನಿಲ್ಲಲ್ಲ ಯಾಕೆ?

ಬಕೆಟ್ಟುಗಳು ಸಾಮಾನ್ಯವಾಗಿ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್‌ನಿಂದ ಮಾಡಿದವು. ಅವುಗಳ ಮೈಗೆ ಸೆಳೆತ ಕಡಿಮೆ. ನೀರು ಹಾಕಿದರೆ ಹರಡದೆ ಮಣಿಯಾಗಿ ನಿಲ್ಲುವುದನ್ನು ನೋಡಿರುತ್ತೀರಿ, ಅಲ್ವಾ? ಗೋಂದೂ ಹಾಗೇ ಮುದುಡಿಕೊಳ್ಳುತ್ತದೆ. ಹರಡದಿದ್ದರೆ ಹತ್ತಿರ ಬರಲಿಲ್ಲ, ಹತ್ತಿರ ಬರದಿದ್ದರೆ ಹಿಡಿಯಲಿಲ್ಲ. ಇಂಥ ಪ್ಲಾಸ್ಟಿಕ್ ಮೇಲೆ ಅಕ್ಷರ ಮುದ್ರಿಸಬೇಕಾದರೆ ಕಾರ್ಖಾನೆಯಲ್ಲಿ ಮೊದಲು ವಿದ್ಯುತ್ ಕಿಡಿಯಿಂದಲೋ ಬೆಂಕಿಯ ನಾಲಿಗೆಯಿಂದಲೋ ಅದರ ಮೈಯನ್ನು ಹದ ಮಾಡುತ್ತಾರೆ. ಮನೆಯಲ್ಲಿ ಬಕೆಟ್ಟಿಗೆ ಕರಗಿಸಿ ಬೆಸೆಯುವುದೇ ಸರಿಯಾದ ದಾರಿ.

ಟೆಫ್ಲಾನಿಗೆ ಏನೂ ಅಂಟದಿದ್ದರೆ ಅದು ಬಾಣಲೆಗೆ ಹೇಗೆ ಅಂಟಿತು?

ಮೋಸದಿಂದ. ಬಾಣಲೆಯ ಮೈಯನ್ನು ಮೊದಲು ಗರಸು ಸಿಡಿಸಿ ಒರಟು ಮಾಡುತ್ತಾರೆ. ಆಮೇಲೆ ಲೋಹವನ್ನೂ ಹಿಡಿಯುವ, ಟೆಫ್ಲಾನನ್ನೂ ಹಿಡಿಯುವ ನಡುವಿನ ಪದರ ಬಳಿಯುತ್ತಾರೆ. ಮೇಲಿನ ಪದರ ಕಾಯಿಸಿದಾಗ ಕೆಳಗಿನದರ ಜೊತೆ ಹೆಣೆದುಕೊಂಡು ಸಿಕ್ಕಿಕೊಳ್ಳುತ್ತದೆ. 1938ರಲ್ಲಿ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದ ವಸ್ತು ಇದು. ಇಂಗಾಲದ ಸರಪಳಿಯ ಸುತ್ತ ಫ್ಲೋರಿನ್ ಪರಮಾಣುಗಳ ಕವಚ. ಫ್ಲೋರಿನ್ ತನ್ನ ಎಲೆಕ್ಟ್ರಾನ್‌ಗಳನ್ನು ಬಿಗಿಯಾಗಿ ಹಿಡಿದಿರುವುದರಿಂದ ಅವು ಅತ್ತಿತ್ತ ಸರಿಯುವುದು ಕಡಿಮೆ, ಸೆಳೆತವೂ ಕಡಿಮೆ.

ಬಲೂನು ಉಜ್ಜಿ ಗೋಡೆಗೆ ಅಂಟಿಸೋದು?

ಅದು ಬೇರೆ. ಉಜ್ಜಿದಾಗ ಬಲೂನಿನ ಮೇಲೆ ವಿದ್ಯುತ್ ಕೂರುತ್ತದೆ, ಗೋಡೆಯಲ್ಲಿ ಎದುರು ವಿದ್ಯುತ್ತನ್ನು ಮುಂದಕ್ಕೆ ಸೆಳೆಯುತ್ತದೆ. ಈ ಬಲ ಸೆಂಟಿಮೀಟರುಗಟ್ಟಲೆ ದೂರಕ್ಕೂ ಕೈ ಚಾಚುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ವಿದ್ಯುತ್ ಬೇಗ ಸೋರಿಹೋಗುತ್ತದೆ.

ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟ ಜೆರಾಕ್ಸ್ ಪ್ರತಿಯ ಅಕ್ಷರ ಕವರಿಗೇ ಎದ್ದು ಬರುತ್ತದೆ. ಇದೂ ಅಂಟಾ?

ಹೌದು, ನಿಧಾನಗತಿಯ ಅಂಟು. ಮೆತ್ತಗಿನ ಪಿವಿಸಿ ಕವರನ್ನು ಮೆತ್ತಗೆ ಇಡಲು ಅದರಲ್ಲಿ ಎಣ್ಣೆಯಂಥ ರಾಸಾಯನಿಕ ಬೆರೆಸಿರುತ್ತಾರೆ. ಅದು ತಿಂಗಳುಗಟ್ಟಲೆ ಹೊರಗೆ ಜಿನುಗುತ್ತದೆ. ಜೆರಾಕ್ಸಿನ ಕಪ್ಪು ಬಣ್ಣವೂ ಪ್ಲಾಸ್ಟಿಕ್ ಪುಡಿಯೇ. ಜಿನುಗಿದ ಎಣ್ಣೆ ಅದನ್ನು ಮೆತ್ತಗೆ ಮಾಡುತ್ತದೆ, ಮೆತ್ತಗಾದದ್ದು ಕವರಿನ ಉಬ್ಬು ತಗ್ಗಿಗೆ ಹೊಂದಿಕೊಂಡು ಕೂರುತ್ತದೆ. ಬಿಸಿ ಮತ್ತು ಭಾರ ಎರಡೂ ಇದನ್ನು ಬೇಗ ಮಾಡುತ್ತವೆ. ಮುಖ್ಯ ಕಾಗದಗಳಿಗೆ ಪಾಲಿಪ್ರೊಪಿಲೀನ್ ಕವರ್ ಒಳ್ಳೆಯದು. ಬಕೆಟ್ಟಿನಲ್ಲಿ ಕಾಟ ಕೊಟ್ಟ ಗುಣ ಇಲ್ಲಿ ಉಪಕಾರ ಮಾಡುತ್ತದೆ.

ಹೊಸ ಡಬ್ಬಿಯ ಲೇಬಲ್ ಕಿತ್ತ ಮೇಲೆ ಉಳಿಯುವ ಜಿಗುಟು ನೀರಿಗೆ ಯಾಕೆ ಹೋಗಲ್ಲ?

ಅದು ಟೇಪಿನ ಅಂಟಿನ ಜಾತಿ. ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಮೆತ್ತಗಾಗುತ್ತದೆ. ಅಡುಗೆ ಎಣ್ಣೆ ಸವರಿ ಹತ್ತು ನಿಮಿಷ ಬಿಡಿ, ಒಣ ಬಟ್ಟೆಯಲ್ಲಿ ಉಜ್ಜಿ, ಕೊನೆಗೆ ಸೋಪು ನೀರಿನಲ್ಲಿ ತೊಳೆಯಿರಿ. ಲೇಬಲ್ ಇನ್ನೂ ಕಿತ್ತಿಲ್ಲ ಅಂದರೆ ಮೊದಲು ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ಅಂಚು ಎತ್ತಿ, ನಿಧಾನವಾಗಿ ಸುಲಿಯಿರಿ.